ಆಲೆಮನೆ ಕೊಪ್ಪರಿಗೆ ಮತ್ತು ಸೇಫ್ಟಿ ವಾಲ್ವ್

ನಮ್ಮ ಮಂಡ್ಯದ ಕಡೆಯವರಿಗೆ ಉಗಿ ಹೊಸದೇನಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆ ಮೇಲೆ ಮೋಡದ ಹಾಗೆ ಏಳುತ್ತಲ್ಲ, ಅದೇ. ಕೊಪ್ಪರಿಗೆಗೆ ಮುಚ್ಚಳ ಇಲ್ಲ, ಉಗಿ ತನ್ನ ಪಾಡಿಗೆ ತಾನು ಹೋಗುತ್ತೆ, ಸಿಡಿಯುವ ಭಯ ಇಲ್ಲ. ಅದನ್ನೇ ಕಬ್ಬಿಣದ ಬಾಯ್ಲರಿನೊಳಗೆ ಕೂಡಿಹಾಕಿ ನೋಡಿ! ನೀರು ಉಗಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತೆ. ಜಾಗ ಕೊಡದಿದ್ದರೆ ಒತ್ತಡ. ರೈಲನ್ನು ಎಳೆದದ್ದು ಈ ಒತ್ತಡವೇ, ಜನರನ್ನು ಕೊಂದದ್ದೂ ಇದೇ.

ಕೆಲವು ದಿನಗಳಿಂದ ಹಳೇ ಉಗಿಬಂಡಿಗಳ ಅಪಘಾತಗಳ ಬಗ್ಗೆ ಓದುತ್ತಿದ್ದೇನೆ. ಮದ್ದೂರು, ಮಂಡ್ಯದ ಮೇಲೆ ಹಾದ ಮೀಟರ್ ಗೇಜ್ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ಅಷ್ಟು ಹೊತ್ತಿಗೆ ಉಗಿ ಎಂಜಿನ್ನು ಬೇರೆ ಊರುಗಳಲ್ಲಿ ಎಂಬತ್ತು ವರ್ಷ ಪಾಠ ಕಲಿತು ಬಂದಿತ್ತು. ಆ ಪಾಠಕ್ಕೆ ಫೀಸು ಕಟ್ಟಿದವರು ಯಾರು ಅನ್ನೋದೇ ನನ್ನ ಕುತೂಹಲ.

1803ರಲ್ಲಿ ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ನೀರೆತ್ತುವ ಎಂಜಿನ್ ಸಿಡಿದು ನಾಲ್ವರು ಸತ್ತರು. ಅದನ್ನು ನೋಡಿಕೊಳ್ಳಬೇಕಿದ್ದ ಹುಡುಗ ಮೀನು ಹಿಡಿಯಲು ಹೋಗಿದ್ದನಂತೆ. ಟ್ರೆವಿಥಿಕ್ ಆಮೇಲೆ ಎರಡು ಸೇಫ್ಟಿ ವಾಲ್ವ್ ಇಟ್ಟ, ಜೊತೆಗೊಂದು ಸೀಸದ ಬಿರಡೆ. ನೀರು ಕಮ್ಮಿಯಾದರೆ ಸೀಸ ಕರಗಿ, ಉಗಿ ಹೊರಗೆ ನುಗ್ಗಿ ಎಚ್ಚರಿಸುತ್ತೆ. ಎಷ್ಟು ಸರಳ ನೋಡಿ! ಮರುವರ್ಷವೇ ವೇಲ್ಸ್‌ನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಅವನ ಎಂಜಿನ್ ಹಳಿ ಮೇಲೆ ಓಡಿತು.

1815ರಲ್ಲಿ ಡರಮ್ ಸೀಮೆಯ ಫಿಲಡೆಲ್ಫಿಯಾದಲ್ಲಿ, ಕಾಲುಗಳಿಂದ ನೆಲ ಒದ್ದುಕೊಂಡು ಹೋಗುವ ಬ್ರಂಟನ್‌ನ ವಿಚಿತ್ರ ಎಂಜಿನ್ ಸಿಡಿಯಿತು. ಸುತ್ತ ನೋಡಲು ಬಂದವರೂ ಸೇರಿ ಹತ್ತಕ್ಕೂ ಹೆಚ್ಚು ಜನ ಹೋದರು. 1818ರಲ್ಲಿ ಲೀಡ್ಸ್‌ನ ಮಿಡಲ್ಟನ್ ಕಲ್ಲಿದ್ದಲು ರೈಲಿನಲ್ಲಿ ಸಲಮಾಂಕಾ ಎಂಬ ಎಂಜಿನ್ ಸಿಡಿದು ಚಾಲಕ ಸತ್ತ. ಅವನೇ ವಾಲ್ವ್ ಕೆದಕಿದ್ದ ಅಂತ ಜಾರ್ಜ್ ಸ್ಟೀಫನ್‌ಸನ್ ಪಾರ್ಲಿಮೆಂಟಿನ ಸಮಿತಿ ಮುಂದೆ ಹೇಳಿದ. 1834ರಲ್ಲಿ ಅದೇ ರೈಲಿನಲ್ಲಿ ಇನ್ನೊಬ್ಬ ಚಾಲಕ ಜೇಮ್ಸ್ ಹೆವಿಟ್ ಸತ್ತ. ಅವನ ಮೇಲೂ ಅದೇ ಆರೋಪ.

ಇರಬಹುದು. ವಾಲ್ವ್ ಅದುಮಿಟ್ಟರೆ ಎಂಜಿನ್ ಜಾಸ್ತಿ ಎಳೆಯುತ್ತೆ, ನಿಜ. ಆದರೆ ಆ ಭಾರ ಹೇರಿದವರು ಯಾರು? ಅವಸರ ಯಾರದ್ದು? ಸತ್ತವನು ಬಂದು ಹೇಳಲಾರ. ಮುಳ್ಳು ತಿರುಗಿ ಒತ್ತಡ ತೋರಿಸುವ ಬೂರ್ಡಾನ್ ಗೇಜ್ ಬಂದಿದ್ದೇ 1849ರಲ್ಲಿ. ಅದಕ್ಕೂ ಮುಂಚಿನ ಚಾಲಕ ಹೆಚ್ಚುಕಮ್ಮಿ ಕಿವಿಯಿಂದಲೇ ಎಂಜಿನ್ನಿನ ಮನಸ್ಸು ಓದಬೇಕಿತ್ತು.

ನಮ್ಮ ದೇಶದಲ್ಲೂ ಕಾನೂನು ಬಂದಿದ್ದು ಹೆಣ ಬಿದ್ದ ಮೇಲೆ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು 13 ಜನ ಸತ್ತರು, 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾಯ್ದೆ ಆಯಿತು. ಅಖಿಲ ಭಾರತ ಕಾಯ್ದೆಗೆ 1923ರವರೆಗೆ ಕಾಯಬೇಕಾಯಿತು. ಅದರ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ.

ನಮ್ಮ ಜಿಲ್ಲೆಯಲ್ಲಿ ಇದೊಂದು ತಮಾಷೆ. ಮಳವಳ್ಳಿಗೆ ರೈಲೇ ಬರಲಿಲ್ಲ. ಆದರೆ ಅದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿ, ಅಲ್ಲಿಯ ಉಗಿಯಂತ್ರಗಳ ಕೆಲಸ ಕಿತ್ತುಕೊಂಡಿತು. ಮಂಡ್ಯದಲ್ಲಿ ಮಾತ್ರ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿ, ಉಗಿ ಹೊಸದಾಗಿ ಬೇರೂರಿತು. ಸಕ್ಕರೆ ಕಾರ್ಖಾನೆಗಳಲ್ಲಿ ಇವತ್ತಿಗೂ ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರ್ ಕಾಯಿಸುತ್ತಾರೆ. ಅದರ ಮೇಲೆ ಕೂತಿರುವುದು ಟ್ರೆವಿಥಿಕ್‌ನ ವಾಲ್ವಿನ ಮರಿಮಕ್ಕಳೇ.

ವರದಿಗಳಲ್ಲಿ ಎಂಜಿನಿಯರುಗಳ ಮಾತಿದೆ, ಬೆಂಕಿ ಮುಂದೆ ನಿಂತವನ ಮಾತಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹಳೇ ಉಗಿ ರೈಲಿನಲ್ಲಿ ಫೈರ್‌ಮನ್ ಆಗಿದ್ದರೆ, ಕಾರ್ಖಾನೆ ಬಾಯ್ಲರಿನಲ್ಲಿ ದುಡಿದಿದ್ದರೆ, ಒಂದ್ಸಲ ಕೂರಿಸಿಕೊಂಡು ಕೇಳಿ, ಬರೆದಿಡಿ. ವಾಲ್ವ್ ಯಾವಾಗ ಕೂಗುತ್ತಿತ್ತು, ಆಗ ಮೇಲಿನವರು ಏನನ್ನುತ್ತಿದ್ದರು, ಇಷ್ಟೇ ಸಾಕು.