ಲೋಹವೂ ಮೂಸೆಯೂ: ಸಿಲಿಕಾನ್ ನೈಟ್ರೈಡ್‌ನ ಚರಿತ್ರೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ದಾರಿಯಲ್ಲಿ ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನು ಗಮನಿಸಿ. ಅವು ಅಲ್ಯೂಮಿನಿಯಂನವು. ಮುಂದೆ ಬೀದರಿನ ಕಡೆ ಕಾಣುವ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಇದೇ ಧಾತು ಆಕ್ಸಿಜನ್‌ನೊಂದಿಗೆ ಬಿಗಿಯಾಗಿ ಬಂಧಿತವಾಗಿದೆ. ಆಕ್ಸಿಜನ್‌ ಕುರಿತ ಅಲ್ಯೂಮಿನಿಯಂನ ಈ ದಾಹ ಎರಕದವರಿಗೆ ಒಂದು ಕಠಿಣ ಪ್ರಶ್ನೆಯನ್ನು ಒಡ್ಡಿತು: ಕರಗಿದ ಅಲ್ಯೂಮಿನಿಯಂ ಅನ್ನು ಯಾವ ಪಾತ್ರೆಯಲ್ಲಿ ಇಡಬೇಕು?

ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಬ್ಬಿಣಕ್ಕೆ ಈ ಉಷ್ಣತೆ ಹೆಚ್ಚೇನಲ್ಲ. ಆದರೂ ಕಬ್ಬಿಣದ ಪಾತ್ರೆ ದ್ರವಲೋಹದಲ್ಲಿ ನಿಧಾನವಾಗಿ ಕರಗಿ ಬೆರೆತು ಎರಕವನ್ನು ಪೆಡಸಾಗಿಸುತ್ತದೆ. ಸಿಲಿಕಾ ಇರುವ ಜೇಡಿಮಣ್ಣಿನ ಮೂಸೆಯಾದರೆ ಅಲ್ಯೂಮಿನಿಯಂ ಅದರ ಆಕ್ಸಿಜನ್ನನ್ನೇ ಕಸಿದುಕೊಳ್ಳುತ್ತದೆ.

ಇದಕ್ಕೆ ಉತ್ತರವಾದ ವಸ್ತುವಿನ ಚರಿತ್ರೆ ಸ್ವಾರಸ್ಯಕರವಾಗಿದೆ. ಯೂರಿಯಾ ಸಂಶ್ಲೇಷಣೆಯಿಂದ ನಿಮಗೆ ಪರಿಚಿತನಾದ ಫ್ರೀಡ್ರಿಕ್ ವೋಲರ್ 1827ರಲ್ಲಿ ಪೊಟ್ಯಾಸಿಯಂ ಬಳಸಿ ಅಲ್ಯೂಮಿನಿಯಂ ಬೇರ್ಪಡಿಸಿದ. ಫ್ರಾನ್ಸಿನ ಸೇಂಟ್-ಕ್ಲೇರ್ ಡೆವಿಲ್ 1854ರಲ್ಲಿ ಸೋಡಿಯಂ ಬಳಸಿ ಅದರ ಉತ್ಪಾದನೆಗೆ ದಾರಿ ತೆರೆದ. 1857ರಲ್ಲಿ ಇದೇ ಇಬ್ಬರು ಸಿಲಿಕಾನ್ ಇದ್ದ ಮೂಸೆಯನ್ನು ಇನ್ನೊಂದು ಮೂಸೆಯೊಳಗಿರಿಸಿ, ನಡುವೆ ಇಂಗಾಲ ತುಂಬಿ ಕಾಯಿಸಿದರು. ಇಂಗಾಲವು ಆಕ್ಸಿಜನ್ನನ್ನು ತಡೆಯಿತು, ಗಾಳಿಯ ನೈಟ್ರೋಜನ್ ಸಿಲಿಕಾನನ್ನು ಸೇರಿತು. ದೊರೆತದ್ದು ಸಿಲಿಕಾನ್ ನೈಟ್ರೈಡ್. ಲೋಹವನ್ನೂ ಅದಕ್ಕೆ ತಕ್ಕ ಪಾತ್ರೆಯ ವಸ್ತುವನ್ನೂ ಒದಗಿಸಿದ ಕೈಗಳು ಒಂದೇ! ಆದರೆ ಈ ವಸ್ತುವಿನಿಂದ ಲೋಹ ಕರಗಿಸುವ ಮೂಸೆಗಳೂ ಥರ್ಮೊಕಪಲ್ ಕೊಳವೆಗಳೂ ಮಾರುಕಟ್ಟೆಗೆ ಬರಲು 1950ರ ದಶಕದ ಕೊನೆಯವರೆಗೆ, ಅಂದರೆ ಸುಮಾರು ನೂರು ವರ್ಷ, ಕಾಯಬೇಕಾಯಿತು.

ಹಾಗಾದರೆ ಸಿಲಿಕಾನ್ ನೈಟ್ರೈಡ್ ಅಲ್ಯೂಮಿನಿಯಂನೊಡನೆ ವರ್ತಿಸುವುದೇ ಇಲ್ಲವೇ? ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಉಷ್ಣಗತಿ ವಿಜ್ಞಾನದ ಪ್ರಕಾರ ಈ ಕ್ರಿಯೆ ನಡೆಯಬೇಕು. ಅಲ್ಯೂಮಿನಿಯಂ ನೈಟ್ರೋಜನ್ನನ್ನು ಸೆಳೆದು ಅಲ್ಯೂಮಿನಿಯಂ ನೈಟ್ರೈಡ್ ಆಗಬೇಕು, ಸಿಲಿಕಾನ್ ಬಿಡುಗಡೆಯಾಗಬೇಕು. ಆದರೆ ಎರಕದ ಉಷ್ಣತೆಯಲ್ಲಿ ಕ್ರಿಯೆಯ ವೇಗ ಅತ್ಯಲ್ಪ. ಕೆಸುವಿನೆಲೆಯ ಮೇಲೆ ನೀರು ಹರಡದಂತೆ ದ್ರವಲೋಹವು ಈ ಸೆರಾಮಿಕ್ ಮೇಲೆ ಸುಲಭವಾಗಿ ಹರಡುವುದಿಲ್ಲ. ಮೇಲ್ಮೈಯಲ್ಲಿ ಉಂಟಾಗುವ ತೆಳುಪದರವು ಮುಂದಿನ ದಾಳಿಯನ್ನು ನಿಧಾನಿಸುತ್ತದೆ. ರಕ್ಷಣೆ ದೊರೆಯುವುದು ಕ್ರಿಯೆಯ ಅಸಾಧ್ಯತೆಯಿಂದಲ್ಲ, ಅದರ ಮಂದಗತಿಯಿಂದ.

ಉತ್ಕರ್ಷಣದ ಪಾತ್ರವೂ ಎರಡು ಬಗೆಯದು. ಹೆಚ್ಚಿನ ಉಷ್ಣತೆಯ ಗಾಳಿಯಲ್ಲಿ ಸಿಲಿಕಾನ್ ನೈಟ್ರೈಡ್ ಮೇಲೆ ಸಿಲಿಕಾ ಪದರ ಬೆಳೆದು ಒಳಭಾಗವನ್ನು ಕಾಯುತ್ತದೆ. ಅದೇ ಪದರ ಕರಗಿದ ಅಲ್ಯೂಮಿನಿಯಂಗೆ ತಾಗಿದರೆ ಅಲ್ಯೂಮಿನವಾಗಿ ಮಾರ್ಪಡುತ್ತದೆ. ಆದುದರಿಂದ ಗಾಳಿ, ಲೋಹ, ಪಾತ್ರೆ ಮೂರೂ ಸೇರುವ ದ್ರವದ ಮೇಲ್ಮಟ್ಟದ ಗೆರೆಯಲ್ಲಿ ಹೆಚ್ಚು ನಿಗಾ ಬೇಕು. ರಂಧ್ರಗಳಿರುವ ಸೆರಾಮಿಕ್‌ಗಿಂತ ಸಾಂದ್ರವಾದದ್ದು ಹೆಚ್ಚು ಬಾಳುತ್ತದೆ. ಈ ವಸ್ತು ಕಾದಾಗ ಹಿಗ್ಗುವುದೂ ಕಡಿಮೆ. ಆದಕಾರಣ ದ್ರವಲೋಹದಲ್ಲಿ ಅದ್ದಿದಾಗ ಸುಲಭವಾಗಿ ಬಿರುಕು ಬಿಡದು. ಇಂದು ಥರ್ಮೊಕಪಲ್ ಹೊದಿಕೆ, ಮುಳುಗು-ಹೀಟರ್ ಕೊಳವೆ, ಕಡಿಮೆ ಒತ್ತಡದ ಎರಕದಲ್ಲಿ ಲೋಹವನ್ನು ಮೇಲೇರಿಸುವ ಕೊಳವೆಗಳಲ್ಲಿ ಇದು ಬಳಕೆಯಲ್ಲಿದೆ.

ಶಿಕ್ಷಕ ಮಿತ್ರರೇ, ‘ನಡೆಯಬಹುದಾದ ಕ್ರಿಯೆ’ ಮತ್ತು ‘ಬೇಗನೆ ನಡೆಯುವ ಕ್ರಿಯೆ’ ಬೇರೆ ಬೇರೆ ಎಂದು ತರಗತಿಯಲ್ಲಿ ಹೇಳುವಾಗ ಕಿಟಕಿಯಾಚೆಯ ತಂತಿಯನ್ನೇ ತೋರಿಸಿ. ಆಕ್ಸಿಜನ್‌ಗಾಗಿ ಇಷ್ಟು ದಾಹವುಳ್ಳ ಲೋಹ ಮಳೆಬಿಸಿಲಿನಲ್ಲಿ ದಶಕಗಟ್ಟಲೆ ಉಳಿದಿರುವುದೂ ಅಂಥದೇ ಒಂದು ತೆಳುಪದರದಿಂದ.