ಸರ್ವರ್‌ಲೆಸ್ ಅಬ್ಸರ್ವಬಿಲಿಟಿ: ಇತಿಹಾಸ

ಕ್ಲೌಡ್ ಕಂಪನಿಯ ಯಂತ್ರಗಳಲ್ಲಿ ಕರೆ ಬಂದಾಗ ಮಾತ್ರ ಓಡುವ ಫಂಕ್ಷನ್‌ಗಳ ವೇಗ, ದೋಷ, ಖರ್ಚುಗಳನ್ನು ಲಾಗ್, ಮೆಟ್ರಿಕ್, ಟ್ರೇಸ್‌ಗಳ ಮೂಲಕ ತಿಳಿಯುವ ವ್ಯವಸ್ಥೆಗೆ ಸರ್ವರ್‌ಲೆಸ್ ಅಬ್ಸರ್ವಬಿಲಿಟಿ ಎನ್ನುತ್ತಾರೆ. ನಿಗಾ ಇಡುವ ಏಜೆಂಟ್‌ಗೆ ಕೂರಲು ಜಾಗ ಹುಡುಕಿದ್ದೇ ಇದರ ಇತಿಹಾಸದ ಬಹುಪಾಲು.

ಇಂಥ ಫಂಕ್ಷನ್‌ಗಳನ್ನು ಓಡಿಸುವ ಲ್ಯಾಂಬ್ಡಾ ಸೇವೆಯನ್ನು ಅಮೆಜಾನ್ ಪ್ರಕಟಿಸಿದ್ದು 2014ರ ನವೆಂಬರ್‌ನಲ್ಲಿ, ಲಾಸ್ ವೇಗಾಸ್‌ನ ಸಮಾವೇಶದಲ್ಲಿ. ಏನಾದರೂ ಕೆಟ್ಟರೆ ಸರ್ವರ್‌ಗೆ ಲಾಗಿನ್ ಆಗಿ ಲಾಗ್ ಫೈಲ್ ತೆರೆದು ನೋಡುವುದು ಅದುವರೆಗಿನ ರೂಢಿ. ಸಿಪಿಯು, ಮೆಮೊರಿಗಳ ಲೆಕ್ಕ ಕಳಿಸಲು ಅಲ್ಲೇ ಒಂದು ಏಜೆಂಟ್ ಸದಾ ಓಡುತ್ತಿತ್ತು. ಲ್ಯಾಂಬ್ಡಾದಲ್ಲಿ ಇವೆರಡಕ್ಕೂ ಅವಕಾಶವಿರಲಿಲ್ಲ. ಫಂಕ್ಷನ್ ಉತ್ತರ ಕೊಟ್ಟ ಮೇಲೆ ಮುಂದಿನ ಕರೆ ಬರುವವರೆಗೆ ಎಲ್ಲವೂ ಸ್ತಬ್ಧ. ಹಿನ್ನೆಲೆಯ ಕೆಲಸವೂ ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಮೊದಲು ಎಂಜಿನಿಯರ್‌ಗಳಿಗೆ ದಿಕ್ಕೆಂದರೆ ಅಮೆಜಾನ್‌ನದೇ ನಿಗಾ ಸೇವೆ ಕ್ಲೌಡ್‌ವಾಚ್. ಪ್ರತಿ ಕರೆಯ ಕೊನೆಗೆ 'ರಿಪೋರ್ಟ್' ಎಂದು ಶುರುವಾಗುವ ಒಂದು ಸಾಲು ಅದರ ಲಾಗ್‌ನಲ್ಲಿ ಬೀಳುತ್ತಿತ್ತು: ಎಷ್ಟು ಮಿಲಿಸೆಕೆಂಡ್ ಓಡಿತು, ಎಷ್ಟಕ್ಕೆ ಬಿಲ್ ಆಯಿತು, ಕೊಟ್ಟ ಮೆಮೊರಿ ಎಷ್ಟು, ಬಳಸಿದ್ದೆಷ್ಟು. ಆಗ ಬಿಲ್ ಆಗುತ್ತಿದ್ದುದು 100 ಮಿಲಿಸೆಕೆಂಡಿನ ಲೆಕ್ಕದಲ್ಲಿ. 101 ಓಡಿದರೆ 200ಕ್ಕೆ ದುಡ್ಡು. ನಿಗಾದ ಮಾಹಿತಿಯನ್ನು ಫಂಕ್ಷನ್ನೇ ಹೊರಗೆ ಕಳಿಸಹೊರಟರೆ ಬಳಕೆದಾರ ಕಾಯಬೇಕು, ಮಾಲೀಕ ಹಣ ತೆರಬೇಕು.

ಇನ್ನೊಂದು ತೊಡಕೂ ಇತ್ತು. ಒಂದು ಆರ್ಡರ್ ಗೇಟ್‌ವೇ, ಫಂಕ್ಷನ್, ಕ್ಯೂ, ಮತ್ತೊಂದು ಫಂಕ್ಷನ್, ಡೇಟಾಬೇಸ್ ಹೀಗೆ ಹಲವು ಕೈ ದಾಟುತ್ತದೆ. ಎಲ್ಲಿ ಎಡವಿತೆಂದು ಬಿಡಿ ಲಾಗ್‌ಗಳಿಂದ ತಿಳಿಯುವುದಿಲ್ಲ. ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕಟ್ಟಿ ಅದರ ಜಾಡು ಹಿಡಿಯುವ ವಿಧಾನವನ್ನು ಗೂಗಲ್ 2010ರಲ್ಲೇ ಡ್ಯಾಪರ್ ಪ್ರಬಂಧದಲ್ಲಿ ವಿವರಿಸಿತ್ತು. ಅದೇ ಜಾಡಿನಲ್ಲಿ ಬಂದ ಅಮೆಜಾನ್‌ನ ಎಕ್ಸ್-ರೇ 2016ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ, ಮರುವರ್ಷ ಲ್ಯಾಂಬ್ಡಾಗೂ ಸಿಕ್ಕಿತು. ಆದರೆ ಅದು ದಾಖಲಿಸುತ್ತಿದ್ದುದು ಸೆಕೆಂಡಿಗೆ ಮೊದಲ ಕೋರಿಕೆ ಮತ್ತು ಉಳಿದವುಗಳಲ್ಲಿ ಶೇ. 5 ಮಾತ್ರ. ಅಪರೂಪಕ್ಕೆ ತಲೆದೋರುವ ದೋಷ ಸುಲಭವಾಗಿ ಕಣ್ತಪ್ಪುತ್ತಿತ್ತು.

ಈ ಕೊರತೆಯೇ ಹೊಸ ಕಂಪನಿಗಳಿಗೆ ಬಂಡವಾಳವಾಯಿತು. ಅವುಗಳಲ್ಲಿ ಐಒಪೈಪನ್ನು 2019ರಲ್ಲಿ ನ್ಯೂ ರೆಲಿಕ್, ಇಸ್ರೇಲಿನ ಎಪ್ಸಾಗಾನನ್ನು 2021ರಲ್ಲಿ ಸಿಸ್ಕೊ ಕೊಂಡವು. 2019ರಲ್ಲೇ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಯೋಜನೆಗಳು ಒಂದಾಗಿ ಓಪನ್‌ಟೆಲಿಮೆಟ್ರಿ ಹುಟ್ಟಿತು. ಅದರಿಂದ ಯಾವ ಕಂಪನಿಗೂ ಕಟ್ಟುಬೀಳದೆ ಮಾಹಿತಿ ಕಲೆಹಾಕುವ ಸಾಮಾನ್ಯ ಮಾನದಂಡ ದೊರೆಯಿತು.

ಏಜೆಂಟ್‌ಗೆ ಜಾಗ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ಆಗ ಬಂದ ಲ್ಯಾಂಬ್ಡಾ ಎಕ್ಸ್‌ಟೆನ್ಷನ್ಸ್ ಫಂಕ್ಷನ್ನಿನ ಪಕ್ಕದಲ್ಲೇ ಬೇರೆ ಪ್ರೋಸೆಸ್ ಆಗಿ ಓಡುತ್ತವೆ. ಮರುವರ್ಷದಿಂದ ಅವು ಕೆಲಸ ಮುಗಿಸುವ ಮೊದಲೇ ಉತ್ತರ ಬಳಕೆದಾರನ ಕೈಸೇರತೊಡಗಿತು. ಜಾಗ ಪುಕ್ಕಟೆಯೇನಲ್ಲ: ಏಜೆಂಟ್ ಲೋಡ್ ಆದಷ್ಟೂ ಫಂಕ್ಷನ್ ಸಜ್ಜಾಗುವುದು ತಡ. ಬಹುತೇಕ ಫಂಕ್ಷನ್‌ಗಳಿಗೆ ಆವರೆಗೆ ಉಚಿತವಾಗಿದ್ದ ಆ ಸಮಯಕ್ಕೂ ಅಮೆಜಾನ್ 2025ರ ಆಗಸ್ಟ್ 1ರಿಂದ ಬಿಲ್ ಹಾಕುತ್ತಿದೆ.