ಹಿಡಿತ, ಬಾಳಿಕೆ, ಬೆಲೆ: ಮೋಟಾರ್‌ಸೈಕಲ್ ಟೈರಿನ ಹಿಂದಿನ ಕಥೆ

ಕಳೆದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗ ತನ್ನ ದೊಡ್ಡ ಬೈಕಿಗೆ ಹೊಸ ಟೈರು ಹಾಕಿಸಬೇಕೆಂದು ಚಿಂತೆಗೊಳಗಾಗಿದ್ದ. ದೂರದ ಪ್ರವಾಸಕ್ಕೂ ಒದಗಬೇಕು, ಘಟ್ಟದ ತಿರುವಿನಲ್ಲಿಯೂ ಕೈಬಿಡಬಾರದು, ಅಂಥ ಬೈಕು ಅದು. "ಮಾವ, ಚೆನ್ನಾಗಿ ಹಿಡಿಯುವ ಟೈರು ಬೇಗ ಸವೆಯುತ್ತದೆ, ಸವೆಯದೆ ಬಾಳುವುದು ಮಳೆಯಲ್ಲಿ ಜಾರುತ್ತದೆ, ಎರಡೂ ಗುಣ ಇರುವುದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ" ಎಂದ. ಬೈಕಿನ ವಿಷಯದಲ್ಲಿ ನಾನು ಅವನಿಗೆ ಹೇಳಿಕೊಡುವಂಥದ್ದು ಏನೂ ಇಲ್ಲ. ಆದರೆ ಅವನ ಮೂರು ಮಾತುಗಳಲ್ಲಿ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸ ಅಡಗಿದೆಯೆಂದು ನನಗೆ ಅನಿಸಿತು.

ಗಾಳಿ ತುಂಬಿದ ಚಕ್ರವನ್ನು ಮೊದಲು ಕಲ್ಪಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಪೇಟೆಂಟು ಪಡೆದ ಆತ, ಕುದುರೆಗಾಡಿಗೆ ಅಂಥ ಚಕ್ರಗಳನ್ನು ಕಟ್ಟಿ ಲಂಡನ್ನಿನ ಉದ್ಯಾನದಲ್ಲಿ ಓಡಿಸಿಯೂ ತೋರಿಸಿದ. ಗಾಡಿ ಸದ್ದಿಲ್ಲದೆ ಸಾಗಿತು. ಆದರೆ ಆ ಕಾಲದಲ್ಲಿ ಒಳ್ಳೆಯ ರಬ್ಬರು ದುಬಾರಿಯಾಗಿತ್ತು, ಕೊಳ್ಳುವವರಿರಲಿಲ್ಲ. ಬೆಲೆಯೆಂಬುದು ಟೈರಿನ ಬೆನ್ನು ಹತ್ತಿದ್ದು ಹುಟ್ಟಿದ ದಿನದಿಂದಲೇ ಎಂದಾಯಿತು.

ನಾಲ್ಕು ದಶಕಗಳ ಬಳಿಕ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗೆಂದು ಅದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡು 1888ರಲ್ಲಿ ಪೇಟೆಂಟು ಪಡೆದ. ಥಾಮ್ಸನ್ನನ ಹಳೆಯ ಪೇಟೆಂಟು ಇದ್ದುದರಿಂದ ಅದು ಊರ್ಜಿತವಾಗಲಿಲ್ಲ. ಆದರೂ 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಆ ಟೈರಿನಿಂದ ಗೆದ್ದ ಮೇಲೆ ಜಗತ್ತು ತಿರುಗಿ ನೋಡಿತು. 1894ರಲ್ಲಿ ಜರ್ಮನಿಯಲ್ಲಿ ಸಾಲುಸಾಲಾಗಿ ತಯಾರಾದ ಮೊದಲ ಮೋಟಾರ್‌ಸೈಕಲ್, ಹಿಲ್ಡೆಬ್ರಾಂಡ್-ವೋಲ್ಫ್‌ಮುಲ್ಲರ್, ಗಾಳಿ ಟೈರುಗಳ ಮೇಲೆಯೇ ಓಡಿತು.

ಈ ಹೊಸ ಬೇಡಿಕೆ ಹುಟ್ಟಿಸಿದ ರಬ್ಬರಿನ ಹಸಿವನ್ನು ನಮ್ಮ ಶಾಲೆಯ ಪಠ್ಯಗಳಲ್ಲಿ ನಾನು ಎಂದೂ ಕಾಣಲಿಲ್ಲ. ಕಂಡಿದ್ದರೆ ಮಕ್ಕಳಿಗೆ ಹೇಳುತ್ತಿದ್ದೆ. ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಖಾಸಗಿ ರಾಜ್ಯದಂತಿದ್ದ ಕಾಂಗೋದಲ್ಲಿ ಕಾಡುಬಳ್ಳಿಗಳ ಹಾಲು ಸಂಗ್ರಹಿಸಲು ಹಳ್ಳಿಹಳ್ಳಿಗೂ ಪ್ರಮಾಣ ನಿಗದಿಯಾಯಿತು. ಅದನ್ನು ತಲುಪದ ಊರಿನ ಹೆಂಗಸರನ್ನು ಒತ್ತೆಯಾಗಿ ಹಿಡಿದರು, ಜನರನ್ನು ಕೊಂದರು, ಕೈಗಳನ್ನು ಕತ್ತರಿಸಿದರು. ಬ್ರಿಟಿಷ್ ರಾಯಭಾರ ಕಚೇರಿಯ ರೋಜರ್ ಕೇಸ್‌ಮೆಂಟ್ ಊರೂರು ಅಲೆದು ಬರೆದ ವರದಿ 1904ರಲ್ಲಿ ಪ್ರಕಟವಾಯಿತು. 1908ರಲ್ಲಿ ಬೆಲ್ಜಿಯಂ ಸರ್ಕಾರ ಆ ನಾಡನ್ನು ದೊರೆಯ ಕೈಯಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಯೂರೋಪಿನ ರಸ್ತೆಗಳಲ್ಲಿ ಮೆತ್ತಗೆ ಉರುಳಿದ ಚಕ್ರದ ಬೆಲೆಯ ಒಂದು ಪಾಲು ಯಾವ ಅಂಗಡಿಯ ಚೀಟಿಯಲ್ಲಿಯೂ ಬರೆದಿರಲಿಲ್ಲ. ಇತ್ತ 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಬ್ರೆಜಿಲ್‌ನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಒಯ್ದಿದ್ದ ಸುಮಾರು 70,000 ಬೀಜಗಳ ಸಂತತಿಯಿಂದ ಸಿಂಹಳ, ಮಲಯದಲ್ಲಿ ತೋಟಗಳು ಎದ್ದು, ಕಾಡಿನ ರಬ್ಬರು ಹಿಂದೆ ಸರಿಯಿತು.

ಇನ್ನು ಬಾಳಿಕೆ. ಮೊದಮೊದಲ ಟೈರುಗಳು ಕಪ್ಪಗಿರಲಿಲ್ಲ, ತಿಳಿ ಬಣ್ಣದವು. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯ ರಸಾಯನಶಾಸ್ತ್ರಜ್ಞ ಎಸ್. ಸಿ. ಮೋಟ್ ರಬ್ಬರಿಗೆ ನುಣ್ಣನೆಯ ಮಸಿಯನ್ನು ಬೆರೆಸಿದಾಗ ಅದು ಎಷ್ಟೋ ಪಟ್ಟು ಗಟ್ಟಿಯಾಗುವುದನ್ನು ಕಂಡ. ನಮ್ಮ ಅಡುಗೆಮನೆಯ ಗೋಡೆಗೆ ಹಿಡಿಯುತ್ತಿದ್ದ ಕಾಡಿಗೆಯ ಜಾತಿಯದೇ ಅದು. ಟೈರು ಕಪ್ಪಾದದ್ದು ಹಾಗೆ.

ಹಿಡಿತದ ರಹಸ್ಯವನ್ನು ತರಗತಿಯಲ್ಲಿ ಎರಡು ಚೆಂಡುಗಳಿಂದ ತೋರಿಸಬಹುದು. ಒಂದನ್ನು ನೆಲಕ್ಕೆ ಬಿಟ್ಟರೆ ಚಿಮ್ಮುತ್ತದೆ. ಇನ್ನೊಂದು ಬಿದ್ದಲ್ಲಿಯೇ ಸುಮ್ಮನಾಗುತ್ತದೆ. ಎರಡನೆಯ ಜಾತಿಯ ರಬ್ಬರು ರಸ್ತೆಯ ಕಲ್ಲಿನ ಮೊನೆಗೆ ಒತ್ತಿ ತಬ್ಬಿಕೊಳ್ಳುತ್ತದೆ, ತಟ್ಟನೆ ಹಿಂದೆ ಪುಟಿಯುವುದಿಲ್ಲ. ಆದ್ದರಿಂದ ಹೆಚ್ಚು ಹಿಡಿಯುತ್ತದೆ. ಆದರೆ ಹೀರಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಅಂಥ ಮೆದು ರಬ್ಬರು ಸವೆಯುವುದೂ ಬೇಗ. ಅಳಿಯ ಹೇಳಿದ ಪೇಚಾಟದ ಮೂಲ ಇದೇ.

ಮೋಟಾರ್‌ಸೈಕಲ್ಲಿಗೆ ಇನ್ನೊಂದು ತೊಡಕುಂಟು. ಕಾರು ತಿರುವಿನಲ್ಲಿ ಹೆಚ್ಚು ಕಡಿಮೆ ನೆಟ್ಟಗೇ ನಿಲ್ಲುತ್ತದೆ, ಬೈಕು ವಾಲುತ್ತದೆ. ವಾಲಿದಾಗ ನೆಲಕ್ಕೆ ತಾಗುವುದು ಟೈರಿನ ಅಂಚು. ಆ ಅಂಚಿನಲ್ಲಿ ಹೆಚ್ಚು ರಬ್ಬರು ನೆಲಕ್ಕೆ ಸಿಗುವಂತೆ ಡನ್‌ಲಪ್ ಕಂಪನಿ ರೂಪಿಸಿದ ಟೈರೊಂದು ಕೆ81. 1969ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಪಂದ್ಯದಲ್ಲಿ ಮಾಲ್ಕಂ ಅಪ್‌ಹಿಲ್, ಮಾರುಕಟ್ಟೆಯಲ್ಲಿ ಸಿಗುವ ಮಾದರಿಯ ಟ್ರಯಂಫ್ ಬಾನವಿಲ್ ಏರಿ ಈ ಟೈರುಗಳ ಮೇಲೆ ಗಂಟೆಗೆ 100 ಮೈಲಿಗೂ ಮಿಕ್ಕಿದ ಸರಾಸರಿಯಲ್ಲಿ ಒಂದು ಸುತ್ತು ಮುಗಿಸಿದ. ಟೈರಿಗೆ ಟಿಟಿ100 ಎಂದು ಹೆಸರಿಟ್ಟರು. ಸಾಮಾನ್ಯನೂ ಕೊಳ್ಳಬಹುದಾದ ಟೈರು ಅಂಥ ಸಾಧನೆ ಮಾಡಿತ್ತು.

ನಮ್ಮ ಮೈಸೂರಿನಲ್ಲಿ ಜಾವಾ ತಯಾರಾಗುತ್ತಿದ್ದ ಕಾಲದಲ್ಲಿ ನಮಗೆ ಈ ಯಾವ ಆಯ್ಕೆಯೂ ಇರಲಿಲ್ಲ. ಅಂಗಡಿಯವನು ಕೊಟ್ಟದ್ದೇ ಟೈರು. ಗೀರುಗಳು ಮಾಸಿ ಬೋಳಾಗುವವರೆಗೂ ಅದನ್ನೇ ಓಡಿಸುತ್ತಿದ್ದೆವು. ಒಂದು ಆಷಾಢದಲ್ಲಿ ಮಡಿಕೇರಿಯ ದಾರಿಯಲ್ಲಿ ಹಾಗೆ ಜಾರಿ ಬಿದ್ದ ಗುರುತು ಈಗಲೂ ನನ್ನ ಬಲ ಮೊಣಕೈಯಲ್ಲಿದೆ. ಅಂದು ಉಳಿಸಿದ್ದು ಎಷ್ಟು ರೂಪಾಯಿಯೋ ನೆನಪಿಲ್ಲ. ಕಟ್ಟು ಹಾಕಿಸಿಕೊಂಡು ಮೂರು ವಾರ ಎಡಗೈಯಲ್ಲಿ ಕಪ್ಪುಹಲಗೆಯ ಮೇಲೆ ಬರೆದದ್ದು ನೆನಪಿದೆ.

ಆಮೇಲಿನ ಸುಧಾರಣೆಗಳು ಬೇಗ ಬೇಗ ಬಂದವು. ಮಿಶ್ಲಾ ಕಂಪನಿ 1946ರಲ್ಲಿ ಕಾರಿಗೆಂದು ಪೇಟೆಂಟು ಪಡೆದಿದ್ದ ರೇಡಿಯಲ್ ರಚನೆ 1980ರ ದಶಕದಲ್ಲಿ ಬೈಕಿಗೂ ಇಳಿಯಿತು. ಮಸಿಯ ಜೊತೆಗೆ ಮರಳಿನ ಬಂಧುವಾದ ಸಿಲಿಕಾ ಸೇರಿ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚಿತು. 2000ದ ದಶಕದಲ್ಲಿ ಪ್ರವಾಸಿ ಬೈಕುಗಳಿಗೆ ಎರಡು ಬಗೆಯ ರಬ್ಬರಿನ ಟೈರುಗಳು ಬಂದವು: ಹೆದ್ದಾರಿಯಲ್ಲಿ ನೆಟ್ಟಗೆ ಓಡುವಾಗ ಉಜ್ಜುವ ನಡುಭಾಗ ಗಡುಸು, ತಿರುವಿಗೆ ಒದಗುವ ಅಂಚುಗಳು ಮೆದು. ಮೊದಲು ನಡುವೆಲ್ಲ ಸವೆದು ಚಪ್ಪಟೆಯಾಗಿ, ಅಂಚು ಹೊಸದರಂತಿದ್ದರೂ ಟೈರನ್ನು ಎಸೆಯಬೇಕಾಗುತ್ತಿತ್ತು.

ಇದನ್ನೆಲ್ಲ ಕೇಳಿದ ಅಳಿಯ ನಕ್ಕು, "ಹಾಗಾದರೆ ಯಾವುದು ಕೊಳ್ಳಲಿ?" ಎಂದ. ಬೆಲೆಯನ್ನು ಹಾಗೆಯೇ ನೋಡಬೇಡ, ಓಡುವ ಕಿಲೋಮೀಟರಿನಿಂದ ಭಾಗಿಸಿ ನೋಡು ಎಂದೆ. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಲು ಹೇಳಿದೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು, ಅಗ್ಗಕ್ಕೆ ಸಿಕ್ಕರೂ ಹಳೆಯ ರಬ್ಬರು ಗಡುಸಾಗಿರುತ್ತದೆ. ಕೊನೆಗೆ ಅವನು ಎರಡು ರಬ್ಬರಿನದನ್ನೇ ಹಾಕಿಸಿದ. ಬಿಲ್ಲಿನ ಮೊತ್ತವನ್ನು ತಂಗಿಗೆ ಹೇಳಬೇಡಿರೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ.